ಏನು ಒತ್ತಿದಿರಿ ಎಂದು ಕೇಳುವ ಡಾಕ್ಟ್ರಮ್ಮ

ಬೆಳಿಗ್ಗೆ ಐದೂ ಮುಕ್ಕಾಲು. ಬೀದಿಯಲ್ಲಿ ಹಾಲಿನ ಗಾಡಿಯ ಸದ್ದು ಬಿಟ್ಟರೆ ಬೇರೇನಿಲ್ಲ. ಮೂರಂತಸ್ತಿನ ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ ಒಂದು ಕೋಣೆಯಿದೆ, ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಅಗಲ. ಅದರ ಷಟರ್ ಎತ್ತಿದ ಐವತ್ತೆರಡರ ಹೆಂಗಸು ಇನ್ನೂ ದೀಪ ಹಾಕಿಲ್ಲ. ಮೊದಲು ಮೇಜಿನ ಮೇಲೆ ಸಾಲಾಗಿ ಕುಳಿತ ನಾಲ್ಕು ಕಂಪ್ಯೂಟರ್‌ಗಳ ನೆತ್ತಿ ಮುಟ್ಟಿ ನೋಡುತ್ತಾರೆ. ಮೂರನೆಯದರ ಮೇಲೆ ಅಂಗೈ ನಿಲ್ಲುತ್ತದೆ. “ನೋಡಿ, ರಾತ್ರಿ ನಾಲ್ಕನ್ನೂ ಆನ್ ಮಾಡಿಟ್ಟು ಹೋಗಿದ್ದೆ. ಯಾರೂ ಇದನ್ನ ಮುಟ್ಟಿಲ್ಲ, ಆದ್ರೂ ಇದೊಂದರ ಮೈ ಕಾದಿದೆ. ಒಳಗೆ ಯಾವನೋ ಕೂತ್ಕೊಂಡು ತನ್ನ ಕೆಲಸ ಮಾಡಿಸ್ಕೊಳ್ತಿದಾನೆ. ಮನೆ ಯಾರದೋ, ಸಂಸಾರ ಇನ್ಯಾರದೋ!”

ಬೀದಿಯವರೆಲ್ಲ ಇವರನ್ನು ಕರೆಯುವುದು ಡಾಕ್ಟ್ರಮ್ಮ ಎಂದು. ಹೆಸರು ಹೇಳಿ ವಿಚಾರಿಸಿದರೆ ಎದುರಿನ ಅಂಗಡಿಯವರಿಗೂ ಗೊತ್ತಾಗುವುದಿಲ್ಲ. ಜನರ ಕಂಪ್ಯೂಟರ್‌ಗೆ ಅಂಟಿದ ವೈರಸ್ ಬಿಡಿಸುವುದು, ಮತ್ತೆ ಅಂಟದ ಹಾಗೆ ಬುದ್ಧಿ ಹೇಳಿ ಕಳಿಸುವುದು ಇವರ ಕೆಲಸ. ಬುದ್ಧಿ ಕೇಳಿದವರು ಮತ್ತೆ ಬರುವುದಿಲ್ಲ, ಕೇಳದವರು ಮೂರು ತಿಂಗಳಿಗೊಮ್ಮೆ ಬರುತ್ತಾರೆ. ಹೀಗಾಗಿ ಇಪ್ಪತ್ತೆರಡು ವರ್ಷದಿಂದ ಅಂಗಡಿ ನಡೆಯುತ್ತಿದೆ.

ಆರೂವರೆಗೆ ಮೊದಲ ಗಿರಾಕಿ ಹಾಜರು. ಮೂರನೇ ಕಂಪ್ಯೂಟರಿನ ಯಜಮಾನರು, ನಿವೃತ್ತ ಲೈಬ್ರರಿಯನ್. ಡಾಕ್ಟ್ರಮ್ಮ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ, ಅವರಿಗೆ ಬೆನ್ನು ಹಾಕಿ ಕೂರುತ್ತಾರೆ. ಇದು ಇಲ್ಲಿನ ಪದ್ಧತಿ. ಆಮೇಲೆ ಮೆತ್ತಗೆ ಕೇಳುತ್ತಾರೆ, “ಏನು ಒತ್ತಿದಿರಿ, ಸರ್?”

“ನಾನೇನೂ ಒತ್ತಿಲ್ಲಮ್ಮ. ಅದಾಗಿ ಅದೇ ಬಂತು.”

ಡಾಕ್ಟ್ರಮ್ಮ ಗೋಡೆ ನೋಡುತ್ತಲೇ ಕೂರುತ್ತಾರೆ. ಲೈಬ್ರರಿಯನ್ ಕೆಮ್ಮುತ್ತಾರೆ. “ಅದೂ... ನಿಮಗೆ ಕಾರು ಬಹುಮಾನ ಬಂದಿದೆ, ಇಲ್ಲಿ ಒತ್ತಿ ಅಂತ ಬಂದಿತ್ತು.”

“ನಿಮಗೆ ಕಾರು ಓಡಿಸೋಕೆ ಬರುತ್ತಾ, ಸರ್?”

“ಇಲ್ಲ.”

ಇವರ ಬಗ್ಗೆ ಬರೆಯಲೆಂದು ಬಂದು ಮೂಲೆಯಲ್ಲಿ ಕೂತಿರುವ ನಾನು ಬಾಯಿಗೆ ಕೈ ಅಡ್ಡ ಹಿಡಿಯುತ್ತೇನೆ. ಡಾಕ್ಟ್ರಮ್ಮ ಮಾತ್ರ ನಗುವುದಿಲ್ಲ. ಏನು ಒತ್ತಿದರು, ಯಾವತ್ತು ಒತ್ತಿದರು ಎಂದು ಗೊತ್ತಾದರೆ ಎಲ್ಲಿ ಹುಡುಕಬೇಕೆಂದೂ ಗೊತ್ತಾಗುತ್ತದೆ, ಅರ್ಧ ದಿನದ ಹುಡುಕಾಟ ಅರ್ಧ ಗಂಟೆಗೆ ಇಳಿಯುತ್ತದೆ. “ಮುಖ ನೋಡಿದ್ರೆ ಸುಳ್ಳು ಹೇಳ್ತಾರೆ, ಪಾಪ. ದೊಡ್ಡ ದೊಡ್ಡ ಓದು ಓದಿರ್ತಾರೆ, ನಾಚಿಕೆ ಆಗುತ್ತೆ. ಬೆನ್ನಿಗೆ ಯಾರು ಬೇಕಾದ್ರೂ ನಿಜ ಹೇಳ್ತಾರೆ” ಎನ್ನುತ್ತಾರೆ, ಗಿರಾಕಿ ಹೋದ ಮೇಲೆ.

ದಿನಕ್ಕೆ ಎಂಟರಿಂದ ಹತ್ತು ಯಂತ್ರಗಳು ಬರುತ್ತವೆ. ಹತ್ತರಲ್ಲಿ ಏಳು, ಯಾರೋ ಏನನ್ನೋ ಆತುರದಲ್ಲಿ ಒತ್ತಿದ್ದರಿಂದ ಕೆಟ್ಟವು. ಎರಡು, ಎರವಲು ತಂದ ಪೆನ್‌ಡ್ರೈವ್ ಸಿಕ್ಕಿಸಿದ್ದರಿಂದ. ಉಳಿದ ಒಂದಕ್ಕೆ ಬರೀ ಧೂಳು ಹಿಡಿದಿರುತ್ತದೆ, ಆದರೂ ಯಜಮಾನರು ವೈರಸ್ಸೇ ಎಂದು ಹಟ ಹಿಡಿಯುತ್ತಾರೆ. ವೈರಸ್ ತೆಗೆದ ಮೇಲೂ ಎಲ್ಲಾದರೂ ಉಳಿದಿದೆಯೇ ಎಂದು ಒಂದು ಯಂತ್ರವನ್ನು ಮೂಲೆಮೂಲೆಯೂ ಜಾಲಾಡಲು ಎರಡು ಮೂರು ತಾಸು ಬೇಕು. ಆ ಹೊತ್ತಿನಲ್ಲಿ ಇವರ ಉಪದೇಶ ನಡೆಯುತ್ತದೆ. ಅಪ್‌ಡೇಟ್ ಕೇಳಿದರೆ ‘ನಾಳೆ’ ಅನ್ನಬೇಡಿ. ಗೊತ್ತಿಲ್ಲದವರು ಕಳಿಸಿದ್ದನ್ನು ತೆರೆಯಬೇಡಿ, ಗೊತ್ತಿದ್ದವರು ಕಳಿಸಿದ್ದನ್ನು ಅವರಿಗೊಂದು ಫೋನ್ ಮಾಡಿ ತೆರೆಯಿರಿ. ಬೇಕಾದದ್ದರ ನಕಲು ಬೇರೆ ಡಿಸ್ಕಿನಲ್ಲಿಡಿ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಪ್ರಯೋಜನ? ಮಧ್ಯೆ ನನ್ನ ಕಡೆಗೂ ತಿರುಗಿ ಪಾಸ್‌ವರ್ಡ್ ಎಂಥದ್ದು ಎಂದು ವಿಚಾರಿಸಿದರು. ಹೆಸರು, ಪಕ್ಕದಲ್ಲಿ ಹುಟ್ಟಿದ ವರ್ಷ ಎಂದೆ. “ಬಾಗಿಲಿಗೆ ಬೀಗ ಹಾಕಿ ಕೀಲಿಕೈ ಅದಕ್ಕೇ ನೇತು ಹಾಕಿದೀರಿ” ಎಂದರು. ಅಲ್ಲೇ ಕೂತು ಬದಲಾಯಿಸಿದೆ.

ಡಾಕ್ಟ್ರಮ್ಮ ಕಂಪ್ಯೂಟರ್ ಓದಿದವರಲ್ಲ. ಮುದ್ರಣಾಲಯವೊಂದರಲ್ಲಿ ಟೈಪ್ ಮಾಡುವ ಕೆಲಸಕ್ಕೆ ಸೇರಿದವರು. ಮದುವೆ ಕಾಗದದಿಂದ ಹಿಡಿದು ಪರೀಕ್ಷೆಯ ಪ್ರಬಂಧದವರೆಗೆ ಎಲ್ಲರೂ ಎಲ್ಲೆಲ್ಲಿಂದಲೋ ಆಗಿನ ಫ್ಲಾಪಿ ಡಿಸ್ಕ್ ತರುತ್ತಿದ್ದರು, ಜೊತೆಗೆ ವೈರಸ್ಸನ್ನೂ. ವಾರಕ್ಕೆರಡು ದಿನ ಕೆಲಸ ನಿಲ್ಲುತ್ತಿತ್ತು. ರಿಪೇರಿಯವನು ಬರುವಷ್ಟರಲ್ಲಿ ತಾವೇ ತಡಕಾಡಿ, ಕೆಡಿಸಿ, ಬೈಸಿಕೊಂಡು ಕಲಿತರು. ಅಂಗಡಿ ಇಟ್ಟಾಗ, ಹೆಂಗಸಿಗೇನು ಗೊತ್ತು ಎಂದು ಬಾಗಿಲವರೆಗೆ ಬಂದು ಹಿಂದಿರುಗಿದವರಿದ್ದಾರೆ. “ಆರು ತಿಂಗಳು ಬರೀ ನೊಣ ಓಡಿಸಿದೀನಿ” ಎಂದು ಈಗ ನಗುತ್ತಾರೆ.

ಅವರು ನಗದೆ ಹೇಳಿದ ಸಂಗತಿ ಒಂದೇ. ಅವರಿಗೊಬ್ಬ ಅಕ್ಕ, ಆರು ವರ್ಷ ದೊಡ್ಡವರು, ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದವರು. ನಿದ್ದೆ ಬಾರದ ಮಕ್ಕಳಿಗೆ ದಿನಾ ಕಥೆ ಕಟ್ಟಿ ಹೇಳುತ್ತಿದ್ದರು. ಯಾವ ಮಗುವಿಗೆ ಹೇಳಿದರೋ ಕಥೆಯಲ್ಲಿ ಅದರದೇ ಹೆಸರು. ಮನೆಗೆ ಬಂದು ಟೈಪ್ ಮಾಡಿಡುತ್ತಿದ್ದರು. ನೂರಾ ಹನ್ನೆರಡು ಕಥೆಗಳಾಗಿದ್ದವು. ಹನ್ನೊಂದು ವರ್ಷದ ಹಿಂದೆ ಅವರ ಕಂಪ್ಯೂಟರಿಗೆ ಎಲ್ಲ ಫೈಲುಗಳಿಗೂ ಬೀಗ ಜಡಿದು ಹಣ ಕೇಳುವ ವೈರಸ್ ಹೊಕ್ಕಿತು. ಅಕ್ಕ ಜಾಣೆ, ನಕಲು ಇಟ್ಟಿದ್ದರು. ಕಂಪ್ಯೂಟರನ್ನೂ ನಕಲಿನ ಡಿಸ್ಕನ್ನೂ ತಂದು ತಂಗಿಯ ಮುಂದಿಟ್ಟರು.

“ಬೇರೆಯವರದಾಗಿದ್ರೆ ಕಾಯ್ತಿದ್ದೆ. ಮೊದಲು ಮೆಷಿನ್ ಪೂರ್ತಿ ಅಳಿಸಿ, ತೊಳೆದು, ಆಮೇಲೆ ಡಿಸ್ಕ್ ಮುಟ್ತಿದ್ದೆ. ಅಕ್ಕ ಎದುರಿಗೆ ಕೂತು ಅಳ್ತಿದ್ಳು. ಇರೇ, ಈಗಲೇ ತೋರಿಸ್ತೀನಿ ಅಂತ ಡಿಸ್ಕನ್ನ ಆ ರೋಗದ ಮೆಷಿನ್‌ಗೇ ಚುಚ್ಚಿಬಿಟ್ಟೆ. ಟೀ ಕುಡಿದು ಮುಗಿಸೋದ್ರೊಳಗೆ ಅದಕ್ಕೂ ಬೀಗ ಬಿತ್ತು. ವೈರಸ್ ಅರ್ಧ ಕೊಂದಿತ್ತು, ಉಳಿದರ್ಧ ನಾನೇ ಕೊಂದೆ.”

ಅಂದಿನಿಂದ ಗಿರಾಕಿಗಳ ನಕಲಿನ ಡಿಸ್ಕ್ ಈ ಅಂಗಡಿಯ ಹೊಸ್ತಿಲು ದಾಟುವಂತಿಲ್ಲ. ಅದನ್ನು ಪಕ್ಕದ ಟೈಲರ್ ಹತ್ತಿರ ಕೊಟ್ಟು ಬರಬೇಕು. ಯಂತ್ರ ಶುದ್ಧವಾದ ಮೇಲೆ ಡಾಕ್ಟ್ರಮ್ಮನೇ ಹೋಗಿ ತರುತ್ತಾರೆ. “ನನ್ನ ಡ್ರಾಯರ್‌ನಲ್ಲಿ ಗುಂಡಿಗಿಂತ ಇವರ ಡಿಸ್ಕೇ ಜಾಸ್ತಿ” ಎಂದು ಟೈಲರ್ ಗೊಣಗುತ್ತಾರೆ. ಗೊಣಗುತ್ತಲೇ ಪ್ರತಿಯೊಂದಕ್ಕೂ ಬಟ್ಟೆಯ ಚೀಟಿ ಹೊಲಿದು ಕಟ್ಟುತ್ತಾರೆ.

ಅಕ್ಕತಂಗಿಯರ ನಡುವೆ ಮಾತಿಗೇನೂ ಕೊರತೆಯಿಲ್ಲ. ವಾರಕ್ಕೊಮ್ಮೆ ಒಟ್ಟಿಗೆ ಊಟ, ಜಗಳ, ಮಕ್ಕಳ ಸುದ್ದಿ ಎಲ್ಲ ಇದೆ. ಆದರೆ ಆ ದಿನದ ನಂತರ ಅಕ್ಕ ತಮ್ಮ ಕಂಪ್ಯೂಟರನ್ನು ಇಲ್ಲಿಗೆ ತಂದಿಲ್ಲ. ಕೆಟ್ಟಾಗಲೆಲ್ಲ ಎರಡು ಬಸ್ಸು ಬದಲಾಯಿಸಿ, ಊರಿನ ಇನ್ನೊಂದು ತುದಿಯ ಅಂಗಡಿಗೆ ಹೊತ್ತುಕೊಂಡು ಹೋಗುತ್ತಾರೆ. “ಹಿತ್ತಲ ಗಿಡ ಮದ್ದಲ್ಲ ಅಲ್ವಾ” ಎಂದರು ಡಾಕ್ಟ್ರಮ್ಮ. ಏನಾದರೂ ಆಸೆ ಇದೆಯೇ ಎಂದೆ. “ಒಂದೇ ಒಂದು ಸಲ ಅಕ್ಕ ತನ್ನ ಕಂಪ್ಯೂಟರ್ ತಂದು ಈ ಮೇಜಿನ ಮೇಲೆ ಇಡ್ಬೇಕು. ಆದ್ರೆ ನಂಬಿಕೆ ಕೇಳಿ ಪಡೆಯೋ ವಸ್ತು ಅಲ್ವಲ್ಲ.”

ಮರುದಿನ ಅಕ್ಕನ ಮನೆಗೆ ಹೋದೆ. ಐವತ್ತೆಂಟರ ಅಕ್ಕ ಬಾಗಿಲು ತೆರೆದ ಕೂಡಲೇ ಕೇಳಿದ್ದು, ತಂಗಿ ಮಧ್ಯಾಹ್ನ ಊಟ ಮಾಡುತ್ತಾಳೋ ಇಲ್ಲವೋ ಎಂದು. ಒಳಗಿನ ಕೋಣೆಯಲ್ಲಿ ಅವರ ಕಂಪ್ಯೂಟರ್ ಟವೆಲ್ ಹೊದ್ದು ಕೂತಿತ್ತು. ಕಳೆದುಹೋದ ಕಥೆಗಳನ್ನು ನೆನಪಿನಿಂದ ಮತ್ತೆ ಬರೆಯುತ್ತಿದ್ದಾರೆ, ಅರವತ್ತೊಂದು ಆಗಿವೆ. ನಲವತ್ತರ ನಕಲು ಡಿಸ್ಕಿನಲ್ಲಿದೆ. ಉಳಿದ ಇಪ್ಪತ್ತೊಂದು ಈ ಯಂತ್ರದಲ್ಲಿ ಮಾತ್ರ. ಐದು ದಿನದ ಕೆಳಗೆ ಪರದೆಯ ಮೇಲೆ ಏನೇನೋ ತಾನಾಗಿ ತೆರೆದುಕೊಳ್ಳತೊಡಗಿತಂತೆ. ಹೆದರಿ ಪ್ಲಗ್ ಕಿತ್ತಿದ್ದಾರೆ. ಆ ತುದಿಯ ಅಂಗಡಿಯವನು ಬಾಗಿಲು ಹಾಕಿ ಹೋಗಿ ತಿಂಗಳಾಗಿದೆ.

“ತಂಗಿ ಹತ್ತಿರ ಒಯ್ಯಬಹುದಲ್ಲ?” ಎಂದೆ. “ನಂಬಿಕೆ ಇಲ್ಲವೇ?”

ಅಕ್ಕ ನನ್ನನ್ನು ದಡ್ಡ ವಿದ್ಯಾರ್ಥಿಯನ್ನು ನೋಡುವ ಹಾಗೆ ನೋಡಿದರು. “ನಂಬಿಕೆನಾ? ಅವಳಷ್ಟು ಕೆಲಸ ಗೊತ್ತಿರೋರು ಈ ಊರಲ್ಲಿ ಯಾರಿದಾರೆ? ಆವತ್ತು ಕಥೆ ಹೋದ ಮೇಲೆ ನಲವತ್ತು ದಿನ ಅಂಗಡಿ ತೆಗೀಲಿಲ್ಲ ಅವಳು. ಗೋಡೆ ಕಡೆ ತಿರುಗಿ ಮಲಗಿರೋಳು. ನಾನು ದಿನಾ ಹೋಗಿ ಎಬ್ಬಿಸಿ, ತಲೆ ಬಾಚಿ, ತುತ್ತು ಮಾಡಿ ಕೊಟ್ಟಿದೀನಿ. ಕಥೆ ನಾನು ಮತ್ತೆ ಬರ್ಕೊಳ್ತೀನಿ. ಇನ್ನೊಂದ್ಸಲ ಅವಳ ಕೈಯಲ್ಲಿ ಹಾಗಾದ್ರೆ ಅವಳನ್ನ ಎಲ್ಲಿಂದ ತರ್ಲಿ?” ಬೀಳ್ಕೊಡಲು ಬಾಗಿಲವರೆಗೆ ಬಂದವರು, “ಇದನ್ನ ಅವಳ ಹತ್ರ ಹೇಳ್ಬೇಡಿ” ಎಂದರು.

ಹೇಳುವುದಿಲ್ಲ ಎಂದು ತಲೆಯಾಡಿಸಿ ಬಂದೆ. ಬರೆಯುವವರ ಬಾಯಲ್ಲಿ ಗುಟ್ಟು ನಿಲ್ಲುವುದುಂಟೇ? ಮಾರನೆಯ ಬೆಳಿಗ್ಗೆ ಷಟರ್ ಮೇಲೇಳುವ ಹೊತ್ತಿಗೆ ಅಂಗಡಿಯ ಮುಂದಿದ್ದೆ. ಒಂದೂ ಬಿಡದೆ ಹೇಳಿದೆ.

ಡಾಕ್ಟ್ರಮ್ಮ ಸ್ಕ್ರೂಡ್ರೈವರ್ ಕೆಳಗಿಡುತ್ತಾರೆ. “ಹನ್ನೊಂದು ವರ್ಷ” ಎನ್ನುತ್ತಾರೆ. ಮತ್ತೆ ಅದನ್ನೇ ಹೇಳುತ್ತಾರೆ. ಕಣ್ಣಿಂದ ನೀರು ಇಳಿಯುತ್ತಿದೆ, ಒರೆಸಿಕೊಳ್ಳುವ ಗೋಜಿಗೆ ಹೋಗುವುದಿಲ್ಲ. ಫೋನ್ ತೆಗೆದು ಒತ್ತಿದರೆ ಆ ಕಡೆಯವರು ಒಂದೇ ರಿಂಗಿಗೆ ಎತ್ತಿಕೊಳ್ಳುತ್ತಾರೆ.

“ಅಕ್ಕಾ, ಆ ಕಂಪ್ಯೂಟರ್ ಆನ್ ಮಾಡ್ಬೇಡ. ಹಾಗೇ ಸುತ್ತಿ ಆಟೋದಲ್ಲಿ ಇಟ್ಕೊಂಡು ಬಾ.”

ಆ ಕಡೆಯಿಂದ ‘ಮತ್ತೆ ಹಾಗೇ ಆದ್ರೆ ನೀನು...’ ಎಂದು ಮಾತು ಬರುತ್ತಲೇ ಇದೆ. ನನಗೆ ಬೈಗುಳವೂ ಅದರಲ್ಲಿ ಸೇರಿರಬೇಕು. ಡಾಕ್ಟ್ರಮ್ಮ ಕಣ್ಣು ಮುಚ್ಚಿ ಪೂರ್ತಿ ಕೇಳಿಸಿಕೊಳ್ಳುತ್ತಾರೆ. ಆಮೇಲೆ, ಈ ಮೂರು ದಿನದಲ್ಲಿ ನಾನೊಮ್ಮೆಯೂ ಕೇಳದ ಸಣ್ಣ ತಂಗಿಯ ದನಿಯಲ್ಲಿ ಹೇಳುತ್ತಾರೆ:

“ಅತ್ರೆ ಅಳ್ತೀನಿ, ಅಕ್ಕಾ. ಅದಕ್ಕೇನೀಗ? ನೀನು ತಗೊಂಡ್ ಬಾ.”