ಹಸಿರು ಸೀರೆಯ ಚಿಂದಿಗಳು

ಬೀದರಿನ ನಮ್ಮ ಉದ್ಯಾನದ ಹಿಂದೆ, ಜನ ವಾಕಿಂಗ್ ಹೋಗುವ ದಾರಿಯ ಪಕ್ಕ, ಕೆಂಪು ಮೊರಮು ಮಣ್ಣಿನ ಒಂದು ಇಳಿಜಾರಿದೆ. ನಾನೂ ನನ್ನ ಹೆಂಡತಿಯೂ ಅಲ್ಲಿ ಮಾಲಿ ಕೆಲಸದವರು. ಇಳಿಜಾರಿನ ತುಂಬ ಲಂಟಾನ ಹಬ್ಬಿ ಬೇರೇನೂ ಏಳದಂತಾಗಿತ್ತು. ವರ್ಷಗಟ್ಟಲೆ ಅವಳು ಅದನ್ನು ಬೇರುಸಹಿತ ಕಿತ್ತಳು. ಕಿತ್ತ ಜಾಗದಲ್ಲಿ ತಾವಾಗಿ ಚಿಗುರಿದ ತಂಗಡಿ, ಕವಳಿ, ಮುತ್ತಲದ ಸಸಿಗಳಿಗೆ ತನ್ನ ಹಳೆಯ ಹಸಿರು ಸೀರೆ ಹರಿದು ಒಂದೊಂದು ಚಿಂದಿ ಕಟ್ಟಿದಳು. ನನಗೆ ಎಲ್ಲ ಸಸಿಯೂ ಕಸವಾಗಿಯೇ ಕಾಣುತ್ತಿತ್ತು.

"ಚಿಂದಿ ಕಟ್ಟಿದ್ದು ಗಿಡ, ಕಟ್ಟದ್ದು ಕಸ. ಇಷ್ಟರೆ ನೆನಪಿಡ್ರಿ," ಎನ್ನುತ್ತಿದ್ದಳು.

ಹೋದ ಬೇಸಿಗೆಯಲ್ಲಿ ಅವಳು ತೀರಿಕೊಂಡಳು. ದಿನಕರ್ಮ ಮುಗಿಸಿ ಭಾಲ್ಕಿಯಲ್ಲಿ ಮಗಳ ಮನೆಯಲ್ಲಿದ್ದಾಗ ಉದ್ಯಾನದ ಕೆಲಸ ಹಿಡಿದ ಗುತ್ತೇದಾರರ ಫೋನು ಬಂತು.

"ಕಾಕಾ, ಕೆಲಸಕ್ಕ ಹೊಸಾ ಹೆಣ್ಮಕ್ಕಳು ಬಂದಾರ. ನಾಳಿ ಆ ಇಳಿಜಾರು ಪೂರಾ ಸಾಫ್ ಮಾಡಸ್ತೀನಿ. ಹುಲ್ಲುಹಾಸು ಹಾಕೂದದ."

"ಚಿಂದಿ ಕಟ್ಟಿದ್ದು ಬಿಡಸ್ರಿ ಸಾಹೇಬ್ರ," ಎನ್ನುವಷ್ಟರಲ್ಲಿ ಫೋನು ಕಟ್ಟಾಗಿತ್ತು.

ಮರುದಿನ ಬೆಳಿಗ್ಗೆಯೇ ಬಸ್ಸು ಹಿಡಿದೆ. ಅವಳ ಕೈಕೆಲಸವೆಂದು ಉಳಿದದ್ದು ಅದೊಂದೇ. ನಾನು ತಲುಪುವಾಗ ಹೆಂಗಸರು ಬುತ್ತಿ ಬಿಚ್ಚಿದ್ದರು. ಪಕ್ಕದಲ್ಲಿ ಕಿತ್ತದ್ದರ ಆಳೆತ್ತರದ ರಾಶಿ. ಇಳಿಜಾರಿನ ಕಡೆ ನೋಡಲು ಧೈರ್ಯವಾಗಲಿಲ್ಲ.

"ಯಾರ ಹರಕಿರಿ ಕಾಕಾ ಇವು? ಎಷ್ಟೊಂದು ಕಟ್ಯಾರ!" ಎಂದಳು ರೊಟ್ಟಿ ಹಿಡಿದಿದ್ದ ಮುದುಕಿ.

ತಲೆ ಎತ್ತಿದೆ. ಲಂಟಾನವೆಲ್ಲ ಹೋಗಿತ್ತು. ಬೋಳು ಕೆಂಪು ನೆಲದ ಮೇಲೆ ಚಿಂದಿ ಕಟ್ಟಿದ ಒಂದೊಂದು ಗಿಡವೂ ನಿಂತಿತ್ತು.

"ಮನ್ನತ್ ಕಟ್ಟಿದ್ದು ನಾವು ಹ್ಯಾಂಗ ಕೀಳಬೇಕ್ರಿ ಚಾಚಾ?" ಎಂದಳು ಪಕ್ಕದಲ್ಲಿದ್ದ ಬುರ್ಖಾದವಳು. "ಗುತ್ತೇದಾರ್ರು ಒದರಾಡಿದ್ರು. ನೀವ ಕೀಳ್ರಿ ಅಂದೆ. ಅವರೂ ಕೈ ಹಚ್ಚಲಿಲ್ಲ!"

ಎಲ್ಲರೂ ನಕ್ಕರು. ಹೆಂಡತಿ ಹೋದ ಮೇಲೆ ಮೊದಲ ಸಲ ನಾನೂ ನಕ್ಕೆ. ಆಮೇಲೆ ನಿಜ ಹೇಳಿದೆ, ಅದು ಹರಕೆಯಲ್ಲ, ಗುರುತಿಗೆಂದು ಅವಳು ಕಟ್ಟಿದ್ದು ಎಂದು. ಕೇಳಿದವರು ಎದ್ದು ಕಿತ್ತುಬಿಟ್ಟಾರೆಂಬ ಅಂಜಿಕೆ ಇತ್ತು. ಆದರೂ ಅವಳ ಕೆಲಸದ ಬಗ್ಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ.

ಮುದುಕಿ ರೊಟ್ಟಿ ಕೆಳಗಿಟ್ಟಳು. "ಹಂಗಂದ್ರ ನಿಮ್ಮ ಮನ್ಯಾಕೀದು ಹರಕಿನೇ ಆತಲ್ರಿ. ನಾವ್ಯಾಕ ಮುರೀಬೇಕು?"

ಹುಲ್ಲುಹಾಸು ಬರಲಿಲ್ಲ. ಮಳೆ ಬಂತು. ಮಳೆ ನಿಲ್ಲುವ ಹೊತ್ತಿಗೆ ಇಳಿಜಾರೆಲ್ಲ ತಂಗಡಿ ಹೂವಿನ ಹಳದಿ. ವಾಕಿಂಗಿಗೆ ಬಂದವರು ನಿಂತು ಫೋಟೋ ಹೊಡೆದರು. "ನಾವೇ ಉಳಿಸೀವ್ರಿ," ಎಂದು ಗುತ್ತೇದಾರರು ಎಲ್ಲರಿಗೂ ಹೇಳುತ್ತಿದ್ದರು. ಹೇಳಲಿ. ನಾನೂ ಮಗಳೂ ತಂಗಡಿ ಬೀಜ ಆರಿಸಿ ಅವಳ ತವರೂರು ಔರಾದಿನ ಸಾಲೆಯ ಬಯಲಿಗೂ ಒಯ್ದು ಬಿತ್ತಿ ಬಂದೆವು.

ಮೊನ್ನೆ ಇಳಿಜಾರಿನ ತುದಿಯಲ್ಲಿ ಚಿಂದಿಯಿಲ್ಲದ ಒಂದು ಸಸಿ ಕಂಡೆ. ಕೂತು ನೋಡಿದೆ. ಒಂದೇ ತೊಟ್ಟಿಗೆ ಮೂರು ಎಲೆ, ದುಂಡನೆಯವು. ಮುತ್ತಲ! ಯಾರೂ ಹೇಳಿಕೊಡದೆ ನಾನೇ ಗುರುತಿಸಿದ್ದೆ. ಮನೆಗೆ ಹೋಗಿ ಟ್ರಂಕು ತೆಗೆದೆ, ಉಳಿದಿದ್ದ ಸೀರೆಯ ಅಂಚು ಹರಿದು ತಂದು ಕಟ್ಟಿದೆ.


"ಗಿಡ," ಎಂದೆ, ಅವಳಿಗೆ ಕೇಳುವಷ್ಟು ಗಟ್ಟಿಯಾಗಿ.