ಕಸ್ತೂರೆವ್ವನ ಕಣ

ಕಸ್ತೂರೆವ್ವ ಇವತ್ತಿಗೂ ನನ್ನನ್ನು ಡಾಕ್ಟರ್ ಎಂದೇ ಕರೆಯುತ್ತಾಳೆ. ನಾನು ಓದಿದ್ದು ಏಳನೇ ಕ್ಲಾಸು. ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಲೇತ್ ಮುಂದೆ ನಿಂತು ದುಡಿಯುತ್ತಾ, ಕ್ರಿಕೆಟ್ ನಿಯಮದ ಪುಸ್ತಕವನ್ನು ಯಾರ ಹಂಗೂ ಇಲ್ಲದೆ ಅಕ್ಷರ ಕೂಡಿಸಿ ಓದಿ ಅಂಪೈರ್ ಆದವನು. ಇಪ್ಪತ್ತಾರು ವರ್ಷದ ಹಿಂದೆ ಅವಳು ನನ್ನನ್ನು ಮೊದಲ ಸಲ ಕಂಡಾಗ ನನ್ನ ಮೈಮೇಲೆ ಅಂಪೈರಿನ ಉದ್ದನೆಯ ಬಿಳಿ ಕೋಟು ಇತ್ತು. ಪೆಟ್ಟಾದವರನ್ನು ನೋಡಲು ಬಂದ ಡಾಕ್ಟರೆಂದು ತಿಳಿದಳು. ಅಲ್ಲ ಎಂದು ತಿದ್ದಿದೆ. "ಇರ್ಲಿ ಬಿಡ್ರಿ, ಬಾಯಿಗೆ ಬಂದೈತಿ" ಎಂದಳು. ಅಲ್ಲಿಗೆ ಮುಗಿಯಿತು.

ಕೆಂಗೇರಿಯ ಆಚೆಗಿರುವ ನಮ್ಮ ಕ್ಲಬ್ಬಿನ ಮೈದಾನಕ್ಕೆ ಅವಳು ಬಂದದ್ದೂ ಅಂಥದೇ ಒಂದು ತಪ್ಪು ತಿಳಿವಳಿಕೆಯಿಂದ. ನವಲಗುಂದದ ಕಡೆಯ ಎರೆ ನೆಲದವಳು. ಮೈಸೂರು ರಸ್ತೆಯಲ್ಲಿ ಪೈಪಿಗೆ ಕಾಲುವೆ ತೋಡುವ ಗುಂಪಿನಲ್ಲಿದ್ದಳು. ನಮ್ಮ ಮಾಲಿ ಹಾಸಿಗೆ ಹಿಡಿದಾಗ ಯಾರೋ ಅವಳನ್ನು ಕರೆತಂದು, ನಡುವಿನ ಮಣ್ಣಿನ ಪಟ್ಟಿ ತೋರಿಸಿ, ಹದ ಮಾಡಿ ಗಟ್ಟಿ ಮಾಡಿಡು ಎಂದರು. ಕ್ರಿಕೆಟ್ಟು ಎಂದರೆ ಏನೆಂದು ಹೇಳಲು ಎಲ್ಲರೂ ಮರೆತರು. ಎರೆಮಣ್ಣನ್ನು ಮಟ್ಟಮಾಡಿ, ರೋಲರ್ ಎಳೆದು ಗಟ್ಟಿ ಮಾಡುವುದು ಅವಳ ಸೀಮೆಯಲ್ಲಿ ಒಂದೇ ಕೆಲಸಕ್ಕೆ. ಜೋಳ ಒಕ್ಕುವ ಕಣಕ್ಕೆ.

ಮ್ಯಾಚಿನ ಬೆಳಗ್ಗೆ ಹೋಗಿ ನೋಡಿದರೆ ಪಿಚ್ಚನ್ನು ಈ ತುದಿಯಿಂದ ಆ ತುದಿಯವರೆಗೆ ಸಗಣಿಯಲ್ಲಿ ಸಾರಿಸಿದ್ದಾಳೆ. ಘಮಲು ಬೌಂಡರಿಯವರೆಗೆ.

"ಏನ್ ಗುರು, ಮದ್ವೆ ಮನೇನಾ ಇದು?" ಎಂದ ಎದುರು ತಂಡದ ಕ್ಯಾಪ್ಟನ್.

ಟಾಸಿಗೆ ಕಾಲಿಡಬೇಕು, ಅವಳ ಕಸಬರಿಗೆ ಅಡ್ಡ ಬಂತು. "ಕಾಲಾಗ ಮೆಟ್ಟಿಕೊಂಡು ಕಣಾ ತುಳೀತಾರೇನ್ರಿ ಯಾರರ? ಕಳದ್ ಬರ್ರಿ. ಡಾಕ್ಟ್ರ, ನೀವರ ಹೇಳ್ರಿ ಇವ್ರಿಗೆ!"

ಇಬ್ಬರು ಕ್ಯಾಪ್ಟನ್ನರು ಮುಳ್ಳಿನ ಬೂಟು ಬಿಚ್ಚಿ ಬರಿಗಾಲಲ್ಲಿ ಟಾಸ್ ಹಾಕಿದರು. ನನ್ನ ಅಂಪೈರಿಕೆಯಲ್ಲಿ ಅದೊಂದೇ ಸಲ.

ನಗಬೇಡಿ. ಆ ಪಿಚ್ಚು ಮೂರು ದಿನ ಆಡಿದ ಆಟ ಇವತ್ತಿಗೂ ನನ್ನ ಕಣ್ಣಲ್ಲಿದೆ. ಮೊದಲ ದಿನ ಎಳೆಗರುವಿನಂತೆ ಪುಟಿಯಿತು. ಎರಡನೇ ದಿನ ಬ್ಯಾಟಿನವರಿಗೆ ಒಲಿಯಿತು. ಮೂರನೇ ದಿನ ಮಧ್ಯಾಹ್ನ ಅಜ್ಜಿಯ ಕೆನ್ನೆಯಂತೆ ಗೆರೆಬಿದ್ದು, ಚೆಂಡು ಬಿದ್ದಲ್ಲಿಂದ ಮೊಳದುದ್ದ ತಿರುಗಿತು. ಮಣ್ಣಿಗೂ ಒಂದು ಆಯಸ್ಸಿದೆ, ಅದು ನಮ್ಮ ಕಣ್ಣೆದುರೇ ಹುಟ್ಟಿ ಪ್ರಾಯಕ್ಕೆ ಬಂದು ಮುಪ್ಪಾಗುತ್ತದೆ ಎಂದು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಸಗಣಿಯನ್ನು ಕಮಿಟಿ ಬೇಡವೆಂದಿತು. ಅವಳನ್ನು ಬಿಡಲಿಲ್ಲ.

ಅಂದಿನಿಂದ ಆ ನೆಲ ಅವಳದು. ತೇವ ನೋಡಲು ಅವಳ ಬಳಿ ಯಂತ್ರವಿಲ್ಲ, ತಲೆಯ ಹೇರ್‌ಪಿನ್ ಇದೆ. ಮಣ್ಣಿಗೆ ಚುಚ್ಚಿ ತೆಗೆದು ತುಟಿಗೆ ಮುಟ್ಟಿಸಿ, ತೇವ ಎಷ್ಟು ಬೆರಳು ಆಳದಲ್ಲಿದೆ ಎಂದು ಹೇಳುತ್ತಾಳೆ. ಬರಿಗಾಲಲ್ಲಿ ನಿಂತು ಹಿಮ್ಮಡಿಯಿಂದ ಗುದ್ದಿ ಸದ್ದು ಕೇಳುತ್ತಾಳೆ, ಸಂತೆಯಲ್ಲಿ ಮಡಕೆ ಬಡಿದು ನೋಡುವಂತೆ. ಒಮ್ಮೆ ಅವಳ ಮಾತು ಸುಳ್ಳು ಮಾಡಬೇಕೆಂದೇ ಒಂದು ಮೂಲೆಯನ್ನು ಅಗೆಸಿ ನೋಡಿದೆ. ನಾಲ್ಕು ಬೆರಳೆಂದಿದ್ದಳು. ನಾಲ್ಕೇ ಇತ್ತು.

ಹೀಗೆ ಕಾಲ ಸಾಗಿತು. ಮೂರು ದಿನದ ಮ್ಯಾಚು ಎರಡು ದಿನಕ್ಕೆ ಬಂತು, ಎರಡು ಒಂದಾಯಿತು, ಐವತ್ತು ಓವರು ಇಪ್ಪತ್ತಾಗಿ ಈಗ ಹತ್ತಕ್ಕೆ ನಿಂತಿದೆ. ಭಾನುವಾರ ಬಂತೆಂದರೆ ಆಫೀಸಿನ ಹುಡುಗರು, ಡೆಲಿವರಿ ಹುಡುಗರು, ಕಾಲೇಜಿನವರು ಬಣ್ಣಬಣ್ಣದ ಜೆರ್ಸಿ ತೊಟ್ಟು ಬರುತ್ತಾರೆ. ಒಂದೇ ದಿನ, ಒಂದೇ ಪಿಚ್ಚು, ಐದು ಮ್ಯಾಚು. ಸಂಜೆಯ ಮ್ಯಾಚಿನ ಹೊತ್ತಿಗೆ ಬೌಲರುಗಳ ಕಾಲಿಗೆ ಸಿಕ್ಕ ಜಾಗ ಗುಣಿಬಿದ್ದು, ಚೆಂಡು ಒಮ್ಮೆ ಮೂಗಿಗೆ, ಒಮ್ಮೆ ಪಾದಕ್ಕೆ. ಸೋತವರದು ಗಲಾಟೆ.

ಕ್ಲಬ್ಬಿನ ಕಾರ್ಯದರ್ಶಿ ಸಂಪತ್ ಕೆಟ್ಟವನಲ್ಲ. ನೇರ ಅವಳ ಹತ್ತಿರವೇ ಬಂದ. "ಅಮ್ಮ, ಬೇಜಾರ್ ಮಾಡ್ಕೋಬೇಡಿ. ಮಣ್ಣು ತೆಗೆಸಿ ಸಿಮೆಂಟ್ ಹಾಕಿ, ಮೇಲೆ ಹಸಿರು ಮ್ಯಾಟ್ ಹಾಸಿಬಿಡ್ತೀವಿ. ಈಗ ಯಾರಿಗೂ ಟೈಮಿಲ್ಲ. ಬರ್ತಾರೆ, ಸಿಕ್ಸ್ ಹೊಡೀತಾರೆ, ಹೋಗ್ತಾರೆ."

"ಮಣ್ಣಿಗೆ ಟೈಮ್ ಐತೋ ಇಲ್ಲೋ ಕೇಳೀರೇನ್ರಿ?"

"ಅದಕ್ಕೇ ಹೇಳ್ತಿರೋದು. ಬೆಳಗ್ಗೆ ಏಳಕ್ಕೆ ಹೆಂಗಿರುತ್ತೋ ಸಂಜೆ ಐದಕ್ಕೂ ಹಂಗೇ ಇರ್ಬೇಕು. ಮಣ್ಣಲ್ಲಿ ಆಗಲ್ಲ ಬಿಡಿ."

"ಮಣ್ಣಾಗ ಆದ್ರ?"

ಸಂಪತ್ ನನ್ನ ಮುಖ ನೋಡಿದ. "ಆದ್ರೆ ಮಣ್ಣೇ ಇರ್ಲಿ. ಬರೋ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ ನೋಡೋಣ."

ಅವಳಿಗೆ ಸಿಕ್ಕಿದ್ದು ಹನ್ನೊಂದು ದಿನ. ಮರುದಿನ ನನ್ನನ್ನು ಹಿಡಿದು ಕೇಳಿದಳು: "ಡಾಕ್ಟ್ರ, ಐದ್ ಮ್ಯಾಚ್ ಕೂಡಿಸಿದ್ರ ಎಷ್ಟ್ ಓವರ್ ಆಕ್ಕಾವು?"

"ಒಂದರಲ್ಲಿ ಎರಡು ಕಡೆಯದೂ ಸೇರಿ ಇಪ್ಪತ್ತು. ಐದಕ್ಕೆ ನೂರು."

"ಹಿಂದಕ ಮೂರ್ ದಿನದ ಆಟದಾಗ, ಒಂದ್ ದಿನಕ್ಕ?"

"ತೊಂಬತ್ತು."

ಅವಳ ಮುಖ ಅರಳಿತು. "ಹಂಗಾದ್ರ ಇದು ಐದ್ ಮ್ಯಾಚ್ ಅಲ್ರಿ. ಹಳೇ ಮ್ಯಾಚಿನ ಮೊದಲನೇ ದಿನ. ಮೊದಲನೇ ದಿನ ನನ್ನ ಕಣ ಯಾವತ್ತರ ಒಡದೈತೇನ್ರಿ?"

ನಾನು ದಂಗಾದೆ. ಕಾಲ ಕೆಟ್ಟಿತು, ಆಟ ತುಂಡಾಯಿತು ಎಂದು ಊರೆಲ್ಲ ಗೋಳಾಡಿದವನು ನಾನು. ಇವಳು ಆ ತುಂಡುಗಳನ್ನು ಸೂಜಿದಾರ ಹಿಡಿದು ಕೌದಿಯಂತೆ ಹೊಲಿದು ಮಡಿಲಿಗೆ ಹಾಕಿಕೊಂಡುಬಿಟ್ಟಳು.

ಉಳಿದದ್ದು ಕಾಲಿನ ಗುಣಿಗಳು. ಹಳೇ ಆಟದಲ್ಲಿ ಎಂಟು ಹತ್ತು ಜನ ಬೌಲ್ ಮಾಡಿದರೆ ಹೆಚ್ಚು. ಇಲ್ಲಿ ಹತ್ತು ತಂಡ, ತಂಡಕ್ಕೆ ಐದು ಬೌಲರು, ಐವತ್ತು ಜೋಡಿ ಬೂಟು. ಅದಕ್ಕೂ ಅವಳ ಊರಿನ ಕಣದಲ್ಲೇ ಮದ್ದಿತ್ತು. ಒಕ್ಕಣೆಗೆ ಕಟ್ಟಿದ ಎತ್ತುಗಳ ಗೊರಸಿಗೆ ಕಣ ಕಿತ್ತರೆ, ಹೆಂಗಸರು ಮೊದಲೇ ನಾದಿಟ್ಟ ಮಣ್ಣಿನ ಬಿಲ್ಲೆಯನ್ನು ಆ ಗುಣಿಗೆ ಕೂರಿಸಿ ಬಡಿಯುತ್ತಿದ್ದರಂತೆ. ಅದೇ ಎರೆಮಣ್ಣನ್ನು ಜೋಳದ ಹಿಟ್ಟು ನಾದಿದಂತೆ ನಾದಿ, ಅಂಗೈಯಗಲದ ಬಿಲ್ಲೆ ತಟ್ಟಿ, ನೆರಳಲ್ಲಿ ಅರೆ ಒಣಗಿಸಿ, ಒದ್ದೆ ಗೋಣಿಯಲ್ಲಿ ಮುಚ್ಚಿಟ್ಟಳು. ಅರವತ್ತು ಬಿಲ್ಲೆ. ದಿನಾ ಬೆಳಗ್ಗೆ ಅತ್ತಿಗುಪ್ಪೆಯಲ್ಲಿ ಮೊದಲ ಮೆಟ್ರೊ ಹತ್ತಿ ಬಂದು ನೀರು ಬಿಟ್ಟು ರೋಲರ್ ಎಳೆಸಿದಳು. ಕೊನೆಯ ಎರಡು ದಿನ ಒಂದು ಹನಿ ನೀರು ತೋರಿಸಲಿಲ್ಲ.

ಭಾನುವಾರ ಬಂತು. ಸಂಪತ್ ಪಿಚ್ಚಿನ ನಡುವೆ ಒಂದು ಸ್ಟಂಪ್ ಹಿಡಿದು, ತನ್ನ ತಲೆಯ ಎತ್ತರದಿಂದ ಚೆಂಡು ಕೆಡವಿ, ಅದು ಪುಟಿದು ಎದ್ದ ಮಟ್ಟಕ್ಕೆ ಸ್ಟಂಪಿನ ಮೇಲೆ ಸುಣ್ಣದ ಗೆರೆ ಎಳೆದ. "ಸಂಜೆ ಈ ಗೆರೆ ಮುಟ್ಬೇಕು ಅಮ್ಮ."

ಆಟ ಶುರುವಾಯಿತು. ನಾನು ಹೊಂಗೆ ಮರದ ಕೆಳಗೆ ಕೂತೆ. ಸುಳ್ಳು ಹೇಳಲಾರೆ, ಆ ಹುಡುಗರ ಆಟಕ್ಕೂ ನನ್ನ ಬಾಯಿ ತೆರೆದೇ ಇತ್ತು. ಸುಘೋಷ್ ಎಂಬ ಕಡ್ಡಿಯಂಥ ಹುಡುಗ, ವೇಗದ ಚೆಂಡು ಎದೆಗೆ ಬರುತ್ತಿದ್ದರೆ ಕುಕ್ಕರಗಾಲಲ್ಲಿ ಕೂತು, ದೋಸೆ ಮಗುಚುವಂತೆ ತನ್ನ ತಲೆಯ ಮೇಲಿಂದಲೇ ಹಿಂದಕ್ಕೆ ಎತ್ತಿ ಸಿಕ್ಸರ್ ಮಾಡಿದ. ನಮ್ಮ ಕಾಲದಲ್ಲಿ ಹಾಗೆ ಆಡಿದ್ದರೆ ಕ್ಯಾಪ್ಟನ್ ಕಿವಿ ಹಿಂಡಿ ಮನೆಗೆ ಕಳಿಸುತ್ತಿದ್ದ. ಚೆಂಡು ಇಷ್ಟೇ ಎದ್ದೇಳುತ್ತದೆ ಎಂಬ ಭರವಸೆ ಇಲ್ಲದಿದ್ದರೆ ಯಾವನೂ ಮುಖ ಕೊಟ್ಟು ಹಾಗೆ ಕೂರಲಾರ. ಆ ಭರವಸೆ ಇವಳು ಕೊಟ್ಟದ್ದು. ಅದು ನನಗೆ ಹೊಳೆದದ್ದು ಅವತ್ತೇ.

ಅವಳು ಮಾತ್ರ ಒಂದು ಸಿಕ್ಸರನ್ನೂ ನೋಡಲಿಲ್ಲ. ಎಲ್ಲರ ಕಣ್ಣು ಆಕಾಶದಲ್ಲಿದ್ದರೆ ಅವಳದು ಚೆಂಡು ಬಿದ್ದ ಜಾಗದಲ್ಲಿ. ಒಂದು ಮ್ಯಾಚು ಮುಗಿದು ಇನ್ನೊಂದಕ್ಕೆ ನಡುವೆ ಹನ್ನೆರಡೇ ನಿಮಿಷ. ಸೀರೆ ಎತ್ತಿಕಟ್ಟಿ, ಬರಿಗಾಲಲ್ಲಿ ನುಗ್ಗಿ, ಗುಣಿಯ ಪುಡಿ ಗುಡಿಸಿ, ಬಿಲ್ಲೆ ಕೂರಿಸಿ, ಮರದ ಕೊಡತಿಯಿಂದ ನಾಲ್ಕು ಬಡಿತ. ಹಿಮ್ಮಡಿಯ ಒಂದು ಗುದ್ದು. ಮುಂದಿನ ಗುಣಿ. ಐವತ್ತೆಂಟು ದಾಟಿದ ಹೆಂಗಸು. ಮೂರನೇ ಮ್ಯಾಚಿನ ಹೊತ್ತಿಗೆ ಆಡಲು ಬಂದ ಹುಡುಗರೇ ಸಾಲಾಗಿ ನಿಂತು ನೋಡತೊಡಗಿದರು.

"ಆಂಟಿ, ಹೆಲ್ಪ್ ಮಾಡ್ಲಾ?" ಎಂದ ಒಬ್ಬ.

"ಮೊದ್ಲ ಆ ಬೂಟ್ ಕಳಿ!"

ಐದನೇ ಮ್ಯಾಚೂ ಮುಗಿಯಿತು. ಅಷ್ಟು ಹೊತ್ತಿಗೆ ಗೋಣಿಯಲ್ಲಿ ಉಳಿದದ್ದು ಎರಡೇ ಬಿಲ್ಲೆ. ಸಂಪತ್ ಸ್ಟಂಪ್ ಹಿಡಿದು ನಡುವೆ ನಿಂತ. ಸುತ್ತ ಜನ. ಅವಳು ಬರಲಿಲ್ಲ, ದೂರದಲ್ಲಿ ಬೆನ್ನು ತಿರುಗಿಸಿ ನಿಂತಳು. ಚೆಂಡು ಬಿತ್ತು. ಎದ್ದಿತು. ಸುಣ್ಣದ ಗೆರೆಗೆ ಮುತ್ತಿಟ್ಟಂತೆ ತಾಗಿ ಇಳಿಯಿತು. ಸಂಪತ್ ನಂಬದೆ ಇನ್ನೆರಡು ಸಲ ಕೆಡವಿದ. ಗೆರೆ, ಮತ್ತೆ ಗೆರೆ.

"ಅಮ್ಮ," ಎಂದು ಅಲ್ಲಿಂದಲೇ ಕೂಗಿದ, "ಸಿಮೆಂಟ್ ಬೇಡ! ಮಣ್ಣೇ ಇರ್ಲಿ!"

ಹುಡುಗರು ಸಿಳ್ಳೆ ಹೊಡೆದರು. ನಾನು ಅವಳ ಬಳಿ ಹೋದೆ. ಕಣ್ಣಲ್ಲಿ ನೀರಿತ್ತು, ಆದರೆ ಮುಖದಲ್ಲಿ ನಗು ಪೂರ್ತಿ ಇರಲಿಲ್ಲ.

"ಗೆದ್ದೆಯಲ್ಲವ್ವಾ, ಇನ್ನೇನು?"

"ಗೆದ್ದೆ ಖರೆ, ಡಾಕ್ಟ್ರ. ಆದ್ರ ನನ್ನ ಕಣ, ಇಂವ ಮುದುಕ ಆಗೂದನ್ನ ಯಾರೂ ನೋಡಲಿಲ್ಲಲ್ರಿ."

ಆ ಸಂಜೆ ಪಿಚ್ಚಿಗೆ ನೀರು ಬಿಡಬೇಕಿತ್ತು. ಬಿಡಲಿಲ್ಲ. ಸೋಮವಾರವೂ ಇಲ್ಲ, ಮಂಗಳವಾರವೂ ಇಲ್ಲ. ಬುಧವಾರ ಮಧ್ಯಾಹ್ನ ನನ್ನ ಫೋನು ಹೊಡೆದುಕೊಂಡಿತು. "ಡಾಕ್ಟ್ರ, ಲಗೂನ ಬರ್ರಿ. ಬಿರದೈತಿ."

ವಿಜಯನಗರದಲ್ಲಿ ಮೆಟ್ರೊ ಹತ್ತಿ ಕೆಂಗೇರಿಯಲ್ಲಿ ಇಳಿದು, ಆಟೋ ಹಿಡಿದು ಓಡಿದೆ. ಖಾಲಿ ಮೈದಾನ. ಹೇಳಿಸಿಕೊಳ್ಳದೆ ಚಪ್ಪಲಿ ಕಳಚಿಟ್ಟು ಒಳಗೆ ಹೋದೆ. ಪಿಚ್ಚಿನ ತುಂಬ ಕೂದಲೆಳೆಯಂಥ ಬಿರುಕು, ನಡುವೆ ಒಂದು ಬೆರಳಗಲದ್ದು. ಅವಳು ಸೆರಗಿನಲ್ಲಿದ್ದ ಹಳೇ ಚೆಂಡು ತೆಗೆದು ನನ್ನ ಕೈಗಿತ್ತಳು. "ಒಂದ್ ಒಗೀರಿ."

ಎಪ್ಪತ್ತಮೂರರ ತೋಳು. ಮೆಲ್ಲಗೆ ಎತ್ತಿ ಎಸೆದೆ. ಚೆಂಡು ಬಿರುಕಿನ ಅಂಚಿಗೆ ಬಿತ್ತು, ಒಂದು ಗಳಿಗೆ ಯೋಚಿಸಿದಂತೆ ತಡೆದು, ಸರಕ್ಕನೆ ಮೊಳದುದ್ದ ತಿರುಗಿ ಹುಲ್ಲಿಗೆ ಹೋಯಿತು. ಅವಳು ಬಾಯಿತುಂಬ ನಕ್ಕಳು.

"ಇನ್ನೊಂದು ಎಸೆಯಲೇನವ್ವಾ?"

"ಸಾಕ್ರಿ, ಸರೀರಿ" ಎಂದು ನೀರಿನ ಪೈಪು ಎಳೆದು ತಂದಳು. "ಮುಂದಿನ ಐತವಾರ ಮತ್ತ ಐದ್ ಅದಾವು."