ಬುಟ್ಟಿಯಲ್ಲಿ ಇಳಿದು ಬರುವ ಬೀಗದ ಕೈ

ಇಟಲಿಯ ಪೆರೂಜಾದ ಗುಡ್ಡದ ಮೇಲೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕೆಳಗಿನ ಕಣಿವೆ ಮಂಜಿನಲ್ಲಿ ಮುಳುಗಿದೆ. ಓಣಿಯೊಂದರ ಮೂರನೇ ಮಹಡಿಯ ಕಿಟಕಿ ತೆರೆದು ನಜ್ಜರೇನಾ ಬಾಲ್ದೆಲ್ಲಿ ಹಗ್ಗ ಕಟ್ಟಿದ ಬುಟ್ಟಿಯನ್ನು ಮೆಲ್ಲಗೆ ಇಳಿಬಿಡುತ್ತಿದ್ದಾರೆ. ಬುಟ್ಟಿಯಲ್ಲಿ ಅಂಗೈಯುದ್ದದ ಕಬ್ಬಿಣದ ಬೀಗದ ಕೈ. ಅದಕ್ಕೆ ಸರಪಳಿಯಲ್ಲಿ ಬಿಗಿದ ಮೊಳದುದ್ದದ ಲಟ್ಟಣಿಗೆ. ಕೆಳಗೆ ನಿಂತಿರುವ ಪೋಲೆಂಡಿನ ಹುಡುಗ ಹುಡುಗಿ ರಾತ್ರಿ ಬಸ್ಸಿನಲ್ಲಿ ಕೂತೇ ನಿದ್ದೆ ಮಾಡಿ ಬಂದವರು. ಲಟ್ಟಣಿಗೆ ಕಂಡು ಇಬ್ಬರೂ ಮುಖ ಮುಖ ನೋಡಿಕೊಳ್ಳುತ್ತಾರೆ.

"ಎದುರುಗಡೆ ಬಾಗಿಲು! ಎಡಕ್ಕೆ ತಿರುಗಿಸಿ, ಮೊಣಕಾಲಲ್ಲಿ ಒಂದು ಗುದ್ದು ಕೊಡಿ," ಎಂದು ಮೇಲಿನಿಂದ ಕೂಗು ಬರುತ್ತದೆ. "ಆಮೇಲೆ ಕಾಫಿ ಕುಡಿಯೋದಾದ್ರೆ ನಿಂತ್ಕೊಂಡೇ ಕುಡೀರಪ್ಪಾ. ಕೂತ್ರೆ ಕುರ್ಚಿಗೂ ದುಡ್ಡು ಇಸ್ಕೋತಾರೆ!"

ಎದುರಿಗಿರುವುದು ಉಣ್ಣೆ ನೇಯುವವರ ಸಂಘ ಎಂದೋ ಕಟ್ಟಿಸಿದ ಪುಟ್ಟ ಪ್ರಾರ್ಥನಾ ಮಂದಿರ. ಗೋಡೆ ತುಂಬ ಸಂತರ ಚಿತ್ರಗಳು. ಮುಖಗಳೆಲ್ಲ ಸಂತೆಯಲ್ಲಿ ಕಾಣುವ ಜನರವೇ. ಟಿಕೆಟ್ ಇಲ್ಲ, ಕಾವಲುಗಾರನಿಲ್ಲ. 'ಬೀಗದ ಕೈ ಬೇಕಾದರೆ ಎದುರು ಮನೆಯ ಗಂಟೆ ಒತ್ತಿ' ಎಂಬ ಹಲಗೆಯೊಂದಿದೆ, ಅಷ್ಟೇ. ಎಪ್ಪತ್ತು ದಾಟಿದ ನಜ್ಜರೇನಾಗೆ ಮಂಡಿ ನೋವು. ಗಂಟೆ ಒತ್ತಿದಾಗಲೆಲ್ಲ ಮೆಟ್ಟಿಲಿಳಿಯಲು ಆಗದೆ ಈ ಬುಟ್ಟಿಯ ಏರ್ಪಾಡು.

ಬಯಲಿನ ಹಳ್ಳಿಯಿಂದ ಹರೆಯದಲ್ಲೇ ಮೇಲೆ ಬಂದು ಹೋಟೆಲೊಂದರ ಕೋಣೆಗಳನ್ನು ಗುಡಿಸುತ್ತ ಬಾಳು ಕಳೆದವರು ಅವರು. ಕಣಿವೆಯ ಚೆಂದದ ನೋಟವಿರುವ ಕಿಟಕಿಗಳಲ್ಲೆಲ್ಲ ಅವರು ಬೇರೆಯವರ ಹಾಸಿಗೆಯ ಹೊದಿಕೆ ಕೊಡವಿದ್ದಾರೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಇವರಿಗೆ ಕೆಸರಷ್ಟೇ ಸಿಕ್ಕಿತು. ರಜೆ ಸಿಕ್ಕ ಮಧ್ಯಾಹ್ನ ಕೂರಲು ಊರಲ್ಲೊಂದು ಜಾಗವಿರಲಿಲ್ಲ. ಒಂದು ದಿನ ಆಗಿನ ಬೀಗದ ಕೈಯ ಒಡತಿ, ಇನೆಸ್ ಎಂಬ ಮುದುಕಿ, ಕರೆದು ಮಂದಿರದ ಬಾಗಿಲು ತೆರೆದಳು.

"ಈ ಊರಲ್ಲಿ ಏನು ತಗೋತೀಯಾ ಅಂತ ಕೇಳದೆ ನನ್ನನ್ನ ಕೂರಿಸಿದ್ದು ಅದೊಂದೇ ಜಾಗ," ಎನ್ನುತ್ತಾರೆ ನಜ್ಜರೇನಾ. ಇನೆಸ್ ತೀರಿಕೊಂಡಾಗ ಬೀಗದ ಕೈ ಇವರ ಕೈಗೆ ಬಂತು. ಸಂಬಳ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಎಡವಟ್ಟಾದದ್ದು ಈ ವಸಂತದಲ್ಲಿ. ಊಟಕ್ಕೆ ಹಿಟ್ಟು ಲಟ್ಟಿಸುತ್ತಿದ್ದ ನಜ್ಜರೇನಾ ಹಿಟ್ಟಿನ ಕೈಯಲ್ಲೇ ಬುಟ್ಟಿ ಇಳಿಸಿ, ಮತ್ತೆ ಒಲೆಯ ಕಡೆ ತಿರುಗಿದವರು ಅದನ್ನು ಮರೆತರು. ಬಂದ ಪ್ರವಾಸಿ ಒಳ್ಳೆಯವನೇ ಇರಬೇಕು. ಚಿತ್ರಗಳನ್ನು ನೋಡಿ, ಬಾಗಿಲು ಭದ್ರವಾಗಿ ಹಾಕಿ, ಬೀಗದ ಕೈಯನ್ನು ಜೇಬಿಗಿಳಿಸಿಕೊಂಡು ರೈಲು ಹತ್ತಿಬಿಟ್ಟ. ಕಮ್ಮಾರ ಸೆತ್ತಿಮಿಯೊ ಬಂದು ಬೀಗ ಕತ್ತರಿಸುವಾಗ ಓಣಿಗೆ ಓಣಿಯೇ ಕಿಟಕಿಯಲ್ಲಿತ್ತು. ನಜ್ಜರೇನಾ ನಾಚಿಕೆಯಿಂದ ಹಿಡಿಯಾಗಿಹೋದರು. ಅವನು ಹೊಸ ಬೀಗ, ಹೊಸ ಬೀಗದ ಕೈ ಮಾಡಿಕೊಟ್ಟ. ಇವರು ತಮ್ಮ ಲಟ್ಟಣಿಗೆಯನ್ನೇ ಅದಕ್ಕೆ ಬಿಗಿಸಿದರು.

"ಇದನ್ನ ಜೇಬಲ್ಲಿಟ್ಕೊಂಡು ರೈಲು ಹತ್ತೋ ಗಂಡು ಇದ್ರೆ ಅವನಿಗೆ ಕೈ ಮುಗೀತೀನಿ," ಎಂದು ನಗುತ್ತಾರೆ. ಈಗ ಅವರು ಹಿಟ್ಟು ಲಟ್ಟಿಸುವುದು ವೈನ್ ಬಾಟಲಿಯಲ್ಲಿ.

ಮಾತು ಅಲ್ಲಿಗೆ ನಿಲ್ಲಲಿಲ್ಲ. ಆ ಹಳೆಯ ಸಂಘದ ಈಗಿನ ಮುಖ್ಯಸ್ಥ, ಔಷಧಿ ಅಂಗಡಿ ನಡೆಸಿ ಈಗ ಮನೆಯಲ್ಲಿರುವ ಓಟೆಲ್ಲೊ ಮೆಂಕರೋನಿ, ಬಾಗಿಲಲ್ಲಿ ಆಳಿಟ್ಟು ಟಿಕೆಟ್ ಮಾಡೋಣ, ಬೀಗದ ಕೈ ಅವನ ಬಳಿ ಇರಲಿ ಎನ್ನುತ್ತಾನೆ. ಕೆಟ್ಟ ಮನುಷ್ಯನಲ್ಲ. ಚಾವಣಿ ಸೋರುವುದು, ಸಂತರ ಪಾದಗಳಿಗೆ ಬೂಷ್ಟು ಹತ್ತಿರುವುದು ನಿಜ.

"ಪುಕ್ಕಟೆ ನೋಡೋರ ಕಣ್ಣೀರಿಂದ ಚಾವಣಿ ರಿಪೇರಿ ಆಗಲ್ಲ, ನಜ್ಜರೇನಾ."

"ಗೊತ್ತು ಮಾರಾಯ. ಮಳೆ ಬಂದಾಗ ಅಲ್ಲಿ ಬಕೆಟ್ ಇಡೋಳು ನಾನೇ ತಾನೇ?"

ಶನಿವಾರ ಸಂಜೆ ಮಂದಿರದೊಳಗೇ ಸಂಘದವರ ಸಭೆ. ಇಲ್ಲಿ ಕೈಯೆತ್ತುವ ಪದ್ಧತಿಯಿಲ್ಲ. ಟಿಕೆಟ್ಟಿಗೆ ಒಪ್ಪಿಗೆಯಿದ್ದವರು ಕರಿ ಕಾಳು, ಇಲ್ಲದವರು ಬಿಳಿ ಕಾಳು ಮುಷ್ಟಿಯಲ್ಲಿ ಮುಚ್ಚಿ ತಂದು ಬಟ್ಟೆ ಚೀಲಕ್ಕೆ ಹಾಕಬೇಕು. ಯಾರ ವಿಷಯ ಚರ್ಚೆಯಲ್ಲಿದೆಯೋ ಅವರಿಗೆ ಕಾಳಿಲ್ಲ. ಆದರೆ ಚೀಲ ಹಿಡಿದು ಎಲ್ಲರ ಮುಂದೆ ಹೋಗಬೇಕಾದವರು ಅವರೇ. ನಜ್ಜರೇನಾ ಕುಂಟುತ್ತ ಸಾಲು ಸಾಲಾಗಿ ಹೋಗುತ್ತಾರೆ. ಯಾರ ಮುಖವನ್ನೂ ನೋಡುವುದಿಲ್ಲ. ನೋಡಿದರೆ ಪಾಪ, ಕಾಳು ಹಾಕುವವರಿಗೆ ಕಷ್ಟವಾದೀತು ಎಂಬುದು ಅವರ ಲೆಕ್ಕ.

ಓಟೆಲ್ಲೊ ಚೀಲವನ್ನು ಮೇಜಿನ ಮೇಲೆ ಸುರಿಯುತ್ತಾನೆ. ಎಣಿಸುವ ಅಗತ್ಯವೇ ಬೀಳುವುದಿಲ್ಲ. ಕರಿ ಕಾಳೇ ಹೆಚ್ಚು.

ಸೆತ್ತಿಮಿಯೊ ಗೊಣಗುತ್ತಾನೆ. ಉಳಿದವರು ತಲೆಯೆತ್ತುವುದಿಲ್ಲ. ಮನೆಯ ಹಸುಗೂಸನ್ನು ಬೇರೆಯವರ ಮಡಿಲಿಗೆ ಹಾಕಿದಷ್ಟು ಸಂಕಟ ನಜ್ಜರೇನಾಗೆ. ಒಂದು ಗಳಿಗೆ ಕೂರುತ್ತಾರೆ, ಬೆಂಚು ಹಿಡಿದು ಮತ್ತೆ ಏಳುತ್ತಾರೆ.

"ಟಿಕೆಟ್ ಶುರು ಆಗೋದು ಬೆಳಿಗ್ಗೆ ಹತ್ತಕ್ಕೆ ತಾನೇ? ಅಲ್ಲೀವರೆಗೆ ಬೀಗದ ಕೈ ನನ್ನ ಹತ್ರ ಇರ್ಲಿ. ದುಡ್ಡಿಲ್ದೋರು ಹೆಂಗೂ ಬೇಗ ಏಳ್ತಾರೆ. ಮಲಗೋಕೆ ಒಳ್ಳೇ ಹಾಸಿಗೆ ಎಲ್ಲಿರುತ್ತೆ ಅವರಿಗೆ?"

ಇದಕ್ಕೂ ಕಾಳು ಹಾಕೋಣವೆಂದು ಯಾರೂ ಚೀಲಕ್ಕೆ ಕೈ ಚಾಚುವುದಿಲ್ಲ. ಓಟೆಲ್ಲೊ ಕನ್ನಡಕ ತೆಗೆದು ಒರೆಸುತ್ತಾನೆ, ಬೇಕಾದ್ದಕ್ಕಿಂತ ಹೆಚ್ಚೇ ಒರೆಸುತ್ತಾನೆ.

"ಎಷ್ಟು ಗಂಟೆಯಿಂದ?"

"ನಾನು ಎದ್ದಾಗಿಂದ."

"ನೀನು ಏಳೋದು ಎಷ್ಟಕ್ಕೆ, ಮಾರಾಯ್ತಿ?"

"ಸದ್ಯಕ್ಕೆ ಐದಕ್ಕೆ," ಎನ್ನುತ್ತಾರೆ ನಜ್ಜರೇನಾ. "ವಯಸ್ಸಾದ ಹಾಗೆ ನಿದ್ದೆ ಕಮ್ಮಿ ಆಗ್ತಿದೆ, ಓಟೆಲ್ಲೊ. ಇನ್ನೊಂದು ಹತ್ತು ವರ್ಷ ಬದುಕಿದ್ರೆ ನಾನು ಮಲಗೋದೇ ಇಲ್ಲ, ನೋಡ್ತಿರು."